ಸುಣ್ಣ ಒಣಗುವ ತನಕ

ಕಾಲುವೆ ಏರಿಯ ಮೋರಿಕಟ್ಟೆಯ ಮೇಲೆ ಒಬ್ಬ ಮುದುಕ ಕಣ್ಣು ಮುಚ್ಚಿ ಕೂತಿದ್ದುದನ್ನು ಹೊಲಿಗೆಯಮ್ಮ ಕಿಟಕಿಯಿಂದ ನೋಡಿದಳು. ಪಕ್ಕದಲ್ಲಿ ಒರಗಿಸಿದ ಸೈಕಲ್ಲು, ಅದರ ಹ್ಯಾಂಡಲ್ಲಿಗೆ ನೇತುಬಿದ್ದ ಡಬ್ಬ. ಅವಳು ಒಂದು ತೋಳು ಹೊಲಿದು ಮುಗಿಸಿದರೂ ಆಸಾಮಿ ಅಲುಗಲಿಲ್ಲ. ಸತ್ತೇಹೋದನೋ ಏನೋ! ಮಿಷನ್ನಿನ ಚಕ್ರವನ್ನು ಅಂಗೈಯಿಂದ ತಡೆದು ನಿಲ್ಲಿಸಿ, ಚೊಂಬಿನಲ್ಲಿ ನೀರು ಹಿಡಿದು ಓಡಿದಳು.

"ಯಜಮಾನ್ರೇ, ಏನಾಯ್ತು? ನೀರು ಕುಡೀರಿ."

ಆತ ಕಣ್ಣು ತೆರೆಯದೆ ತುಟಿಯ ಮೇಲೆ ಬೆರಳಿಟ್ಟ. "ಶ್! ಇನ್ನೂ ಒಣಗಿಲ್ಲ."

ಹೊಲಿಗೆಯಮ್ಮನಿಗೆ ರೇಗಿತು. ಕಾಲುವೆಯ ತೂಬು ನೋಡಿಕೊಳ್ಳುತ್ತಿದ್ದ ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಮಾತೆಂಬುದೇ ಅಪರೂಪ. ಇದ್ದ ನಾಲ್ಕು ಮಾತನ್ನೂ ಮುಚ್ಚಿಸಲು ಇವನೊಬ್ಬ ಬಂದನೇ! ಆದರೂ ಚೊಂಬು ಹಿಡಿದು ನಿಂತೇ ಇದ್ದಳು. ಆಗ ಕಟ್ಟೆಯ ಕಲ್ಲಿನ ಮೇಲೆ ಹಸಿ ಸುಣ್ಣದ ಒಂದು ಬಾಣ ಕಂಡಿತು. ಬೂದುಬಣ್ಣಕ್ಕಿದ್ದದ್ದು ಅವಳ ಕಣ್ಣೆದುರೇ ಮೆಲ್ಲಮೆಲ್ಲನೆ ಬೆಳ್ಳಗಾಯಿತು. ಆತ ಕಣ್ಣು ತೆರೆದು ಬಾಣ ನೋಡಿ, ನೀರು ಗಟಗಟನೆ ಕುಡಿದು, "ಪಾಸಾಯ್ತು ನಿಮ್ಮ ದಾರಿ," ಅಂದ.

ಊರಿನವರು ಆತನನ್ನು ಸುಣ್ಣದಪ್ಪ ಎನ್ನುತ್ತಿದ್ದರು. ದುಡಿದ ಕಾಲವೆಲ್ಲ ಬಸ್ಸಿನ ಡ್ರೈವರು. ಹೆಂಡತಿ ಮಕ್ಕಳಿಲ್ಲ. ನಿವೃತ್ತಿಯಾದ ಮೇಲೆ ತಾನೇ ತಲೆ ಮೇಲೆ ಹೊತ್ತುಕೊಂಡ ಕೆಲಸ ಇದು: ಸೈಕಲ್ಲಿಗೆ ಗಂಟುಮೂಟೆ ಕಟ್ಟಿಕೊಂಡು ಊರ ಸುತ್ತಲಿನ ಹೊಲ ಗುಡ್ಡ ತಿರುಗುವವರಿಗೆ ಮೋಟಾರಿನ ಕಾಟವಿಲ್ಲದ ದಾರಿ ತೋರಿಸುವುದು. ದಾರಿ ಕವಲೊಡೆಯುವಲ್ಲಿ ಬಾಣ ಬರೆದು, ಅದು ಒಣಗಿ ಬೆಳ್ಳಗಾಗುವ ತನಕ ಕಣ್ಣು ಮುಚ್ಚಿ ಕೂರುತ್ತಿದ್ದ. ಅಷ್ಟರಲ್ಲಿ ಒಂದೇ ಒಂದು ಎಂಜಿನ್ನಿನ ಸದ್ದು ಬಂದರೂ ಒದ್ದೆ ಬಟ್ಟೆಯಿಂದ ಒರೆಸಿ ಎದ್ದುಬಿಡುತ್ತಿದ್ದ. ಮಳೆಗೆ ಸುಣ್ಣವೆಲ್ಲ ತೊಳೆದುಹೋಗುತ್ತಿದ್ದುದರಿಂದ ಪ್ರತಿ ದಾರಿಗೂ ವರ್ಷ ವರ್ಷ ಹೊಸ ಪರೀಕ್ಷೆ.

"ಕಣ್ಣು ಯಾಕೆ ಮುಚ್ಚಬೇಕು?" ಎಂದು ಅವಳು ಕೇಳಿದಳು.

"ಕಣ್ಣಿಗೆ ತಿರುವಿನಾಚೆ ಕಾಣಲ್ಲ ಅಕ್ಕ. ಕಿವಿಗೆ ಕಾಣುತ್ತೆ."

"ನಾನು ನಿಮಗೆ ಅಕ್ಕಾನಾ? ತಲೇಲಿ ಒಂದು ಕಪ್ಪು ಕೂದಲಿಲ್ಲ ನಿಮಗೆ!"

"ಅದು ಸುಣ್ಣ ಅಕ್ಕ. ತೊಳೆದ್ರೆ ಹೋಗುತ್ತೆ."

ಆ ಹೊತ್ತು ನಕ್ಕಿದ್ದು ಅವಳಿಗೇ ವಿಚಿತ್ರವೆನಿಸಿತ್ತು. ಅಂದಿನಿಂದ ಪ್ರತಿ ಮಳೆಗಾಲ ಮುಗಿದ ಮೇಲೆ ಆತ ಬರುವುದು, ಅವಳು ನೀರು ಕೊಡುವುದು, ಸೈಕಲ್ಲಿನ ಹರಿದ ಚೀಲಕ್ಕೆ ಹೊಲಿಗೆ ಹಾಕುವುದು ರೂಢಿಯಾಯಿತು. "ಬಸ್ ಓಡಿಸ್ತಿದ್ದಾಗ ಸೈಕಲ್ಲಿನವರನ್ನ ಹಾರ್ನ್ ಹೊಡೆದು ಹೊಡೆದೇ ಚರಂಡಿಗೆ ಇಳಿಸಿದೀನಿ. ಈಗ ನೋಡಿ, ಗೋಡೆ ಗಡಿಯಾರದ ಟಿಕ್ ಟಿಕ್ಕೂ ಆಗಲ್ಲ. ಡಿಪೋದವರು ಕೊಟ್ಟಿದ್ದನ್ನ ನಿಲ್ಲಿಸಿ ಮಂಚದ ಕೆಳಗೆ ಹಾಕಿದೀನಿ," ಎಂದು ಒಮ್ಮೆ ಹೇಳಿದ್ದ.

ಒಂದು ವರ್ಷ ಎರಡು ಸೈಕಲ್ಲುಗಳು ಅವಳ ಬಾಗಿಲಲ್ಲಿ ನಿಂತವು: ಗಂಡ, ಹೆಂಡತಿ, ಹೆಂಡತಿಯ ಹಿಂದೆ ಕೂತ ಕೂಸು. ಮೂವರೂ ತಲೆಯಿಂದ ಕಾಲಿನವರೆಗೆ ಧೂಳು. ಹೆಂಗಸು ಚೊಂಬಿನ ನೀರನ್ನು ಮೊದಲು ಕೂಸಿಗೆ ಕುಡಿಸಿದಳು.

"ಗುಡ್ಡದ ಕವಲಿನ ಬಾಣ ನಂಬ್ಕೊಂಡು ಹೋದ್ವಿ ಅಮ್ಮ. ತಿರುವಲ್ಲಿ ಲಾರಿ! ಒಂದರ ಹಿಂದೆ ಒಂದು. ಕಲ್ಲುಗಣಿ ಶುರುವಾಗಿದೆಯಂತೆ."

ಬಾಣ ಹೊಸದು, ಮೊನ್ನೆಯಷ್ಟೇ ಬರೆದದ್ದೆಂದು ಹೊಲಿಗೆಯಮ್ಮನಿಗೆ ಗೊತ್ತಿತ್ತು. ಮಿಷನ್ನಿಗೆ ಮುಸುಕು ಹಾಕಿ ಊರಿಗೆ ನಡೆದಳು. ಸಿಮೆಂಟು ಅಂಗಡಿಯ ಮಹಡಿಯ ಮೇಲೆ ಆತನದು ಒಂದೇ ಕೋಣೆ. ಬಾಗಿಲು ಬಡಿದಳು, ಕೂಗಿದಳು. ಉತ್ತರವಿಲ್ಲ. ತಳ್ಳಿದರೆ ಬಾಗಿಲು ತೆರೆದೇ ಇತ್ತು. ಆತ ಬೆನ್ನು ಹಾಕಿ ಕೂತು ಸುಣ್ಣ ಕಲಸುತ್ತಿದ್ದ. ಮಂಚದ ಕೆಳಗಿದ್ದ ಆ ಗಡಿಯಾರ ಈಗ ಆತನ ತಲೆಯ ಮೇಲೆ ಗೋಡೆಗೇರಿ ಬಡಗಿಯ ಸುತ್ತಿಗೆಯಂತೆ ಟಕಟಕ ಬಡಿಯುತ್ತಿತ್ತು.

ನೆರಳು ಕಂಡು ತಿರುಗಿದವನ ಮುಖ ಅರಳಿತು. "ಏನಕ್ಕ, ದಾರಿ ತಪ್ಪಿ ಬಂದ್ರಾ?"

ಲಾರಿಯ ವಿಷಯ ಹೇಳಲು ಬಂದವಳು ಗಡಿಯಾರ ನೋಡಿದಳು, ಆತನನ್ನು ನೋಡಿದಳು. ಕಿವಿ ಹೋಯಿತೆಂದರೆ ಈತನಿಗೆ ಇನ್ನೇನು ಉಳಿದೀತು? "ಸೂಜಿ ತಗೊಳ್ಳಕ್ಕೆ ಬಂದಿದ್ದೆ," ಎಂದು ಏನೋ ಅಂದು ಮೆಟ್ಟಿಲಿಳಿದಳು. ಅಲ್ಲಿಂದ ನೇರ ಗುಡ್ಡದ ಕವಲಿಗೆ ಹೋಗಿ, ಬಟ್ಟೆ ಒದ್ದೆ ಮಾಡಿ, ಬಾಣವನ್ನು ಉಜ್ಜಿ ಉಜ್ಜಿ ಅಳಿಸಿದಳು.

ಆದರೆ ಮರುವಾರವೇ ಬಾಣ ಅದೇ ಕಲ್ಲಿನ ಮೇಲೆ ಮೊದಲಿಗಿಂತ ದಪ್ಪಗೆ ಕೂತಿತ್ತು. ಮತ್ತೆ ಉಜ್ಜತೊಡಗಿದಳು. ಅರ್ಧ ಅಳಿಸುವಷ್ಟರಲ್ಲಿ ಹಿಂದಿನಿಂದ ಧ್ವನಿ.

"ನೀವಾ ಅಕ್ಕ? ಯಾವನೋ ಪೋಲಿ ಅಂದ್ಕೊಂಡು ಹಿಡಿಯಕ್ಕೆ ಬಂದೆನಲ್ಲ! ನಾನೇನು ಮಾಡಿದ್ದೆ ನಿಮಗೆ?"

"ಇಲ್ಲಿ ಲಾರಿ ಓಡಾಡುತ್ತೆ!"

"ಏನಂದ್ರಿ?"

"ಲಾರಿ! ಲಾರಿ!"

"ಸುಳ್ಳು. ನಾನು ಕಣ್ಣು ಮುಚ್ಚಿ ಕೂತಿದ್ದಾಗ ಸೊಳ್ಳೆ ಕೂಡ ಹಾರಲಿಲ್ಲ."

ಆಗಲೇ ತಿರುವಿನಾಚೆ ಏರು ಹತ್ತುವ ಲಾರಿಯ ಗೊರಗೊರ ಅವಳಿಗೆ ಕೇಳಿಸುತ್ತಿತ್ತು. ಆತ ಇನ್ನೂ ಬೈಯುತ್ತಲೇ ಇದ್ದ. ಅವಳು ಆತನ ತೋಳು ಹಿಡಿದು ತಿರುವಿನ ಕಡೆಗೆ ತಿರುಗಿಸಿ ನಿಲ್ಲಿಸಿದಳು. ಇಬ್ಬರೂ ಕಾದರು. ಕಲ್ಲು ತುಂಬಿದ ಲಾರಿ ತಿರುವಿನಿಂದ ಹೊರಬಂತು. ಆತ ಅದನ್ನು ಗಾಳಿಯಲ್ಲಿ ಸದ್ದಿಲ್ಲದೆ ತೇಲಿ ಬರುವ ಮೋಡವನ್ನು ನೋಡಿದ ಹಾಗೆ ನೋಡಿದ. ಧೂಳು ಇಳಿದ ಮೇಲೆ ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು, ಉಳಿದ ಅರ್ಧ ಬಾಣವನ್ನು ತಾನೇ ಒರೆಸಿ, ಸೈಕಲ್ಲು ತಳ್ಳಿಕೊಂಡು ಹೋದ.

ಮಳೆಗಾಲ ಬಂತು, ಹೋಯಿತು. ಬಾಣಗಳೆಲ್ಲ ತೊಳೆದುಹೋದವು. ಹೊಲಿಗೆಯಮ್ಮ ಮಿಷನ್ನನ್ನು ಕಿಟಕಿಯತ್ತ ತಿರುಗಿಸಿಟ್ಟುಕೊಂಡು, ತಲೆ ಎತ್ತಿದಾಗಲೆಲ್ಲ ಖಾಲಿ ಕಟ್ಟೆ ನೋಡುತ್ತಿದ್ದಳು. ಒಂದು ಬೆಳಿಗ್ಗೆ ಸೈಕಲ್ಲು ಬಂದು ನಿಂತಿತು.

"ನಿಮ್ಮ ಕಿವಿ ಕೊಡ್ತೀರಾ ಅಕ್ಕ?"

"ಕಿತ್ತು ಕೊಡಕ್ಕಾಗಲ್ಲ!" ಎಂದು ಕೂಗಿದಳು. "ನಾನೇ ತರ್ತೀನಿ."

"ಒಂದೇ ಮಾತು. ನನ್ನ ಮುಖ ನೋಡಿ ಕನಿಕರಪಟ್ಟು ಸುಳ್ಳು ಪಾಸು ಮಾಡಬಾರದು."

ಆಮೇಲೆ ಇಬ್ಬರೂ ದಾರಿಗಳನ್ನೆಲ್ಲ ನಡೆದರು, ನಡುವೆ ಸೈಕಲ್ಲು. ಆತ ಬಾಣ ಬರೆದು, ಹಳೆಯ ಅಭ್ಯಾಸದಂತೆ ಕಣ್ಣು ಮುಚ್ಚಿ, ಅಂಗೈ ಚಾಚಿ ಕೂರುತ್ತಿದ್ದ. ಮೋಟಾರಿನ ಸದ್ದಾದರೆ ಅವಳು ಒದ್ದೆ ಬಟ್ಟೆಯನ್ನು ಆ ಅಂಗೈಯಲ್ಲಿಡಬೇಕು. ಸದ್ದಾಗದಿದ್ದರೆ ಇಲ್ಲ. ಆದರೆ ಡಾಂಬರು ಬೆಳೆಯುತ್ತಿತ್ತು, ಗಣಿಯೂ ಬೆಳೆಯುತ್ತಿತ್ತು. ವರ್ಷ ವರ್ಷ ಅವಳು ಬಟ್ಟೆ ಇಡುವುದೇ ಹೆಚ್ಚಾಯಿತು. ಬೆಟ್ಟದ ಬಳಸುದಾರಿ ಹೋಯಿತು, ಹಳೆಯ ಬಂಡಿದಾರಿ ಹೋಯಿತು. ಕೊನೆಗೆ ಉಳಿದದ್ದು ಅವಳ ಮನೆ ಮುಂದಿನ ಕಾಲುವೆ ಏರಿ ಒಂದೇ.

ಆತ ಅವಳ ಬಾಗಿಲಿಗೆ ಬಾಣ ಬರೆಯಲೆಂದು ಕೊನೆಯ ಬಾರಿ ಬಂದ ದಿನ, ಕಟ್ಟೆಯ ಕಲ್ಲಿನ ಮೇಲೆ ಬಾಣ ಇನ್ನೂ ಬೂದುಬಣ್ಣಕ್ಕಿದ್ದಾಗ, ದೂರದ ಏರಿಯ ಮೇಲೆ ಬೈಕೊಂದು ಸದ್ದು ಮಾಡಿತು. ಹತ್ತಿರ ಬಂತು, ಹಾದುಹೋಯಿತು. ಆತ ಕಣ್ಣು ಮುಚ್ಚಿಯೇ ಇದ್ದ. ಬಟ್ಟೆ ಅವಳ ಮಡಿಲಲ್ಲಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಮುಂದಿನ ವರ್ಷವೂ ಸೈಕಲ್ಲು ಬಂದೀತು, ಚೊಂಬು ನೀರು ಖರ್ಚಾದೀತು. ಬಟ್ಟೆಯಿಂದ ನೀರು ತೊಟ್ಟಿಕ್ಕಿ ಅವಳ ಸೀರೆ ನೆನೆಯಿತು. ಬಾಣದ ಅಂಚು ಬೆಳ್ಳಗಾಗತೊಡಗಿತು.

ಅವಳು ಬಟ್ಟೆ ಎತ್ತಿ ಆತನ ಅಂಗೈಯಲ್ಲಿಟ್ಟಳು.

ಆತ ಕಣ್ಣು ತೆರೆದು, ಒಂದು ಗೆರೆಯೂ ಉಳಿಯದ ಹಾಗೆ ನಿಧಾನವಾಗಿ ಒರೆಸಿದ. ಬಟ್ಟೆ ಹಿಂಡಿ, ಡಬ್ಬಕ್ಕೆ ಮುಚ್ಚಳ ಹಾಕಿ, ಸೈಕಲ್ಲಿಗೆ ಕೈ ಹಾಕಿದವನು ಹಾಗೇ ನಿಂತ. ಒದ್ದೆ ಕಲ್ಲು ನೋಡಿದ. ಕಿಟಕಿಯತ್ತ ತಿರುಗಿದ್ದ ಮಿಷನ್ನು ನೋಡಿದ. ಆಮೇಲೆ ಅವಳನ್ನು ಕೇಳಿದ:

"ಬಾಣ ಇಲ್ಲದಿದ್ರೂ ಬರಬಹುದಾ ಅಕ್ಕ?"