ತಿಥಿಯ ದಿನ ಹೋದ ಸಂದೇಶ

ಸಿದ್ಧಾರ್ಥನಗರದ ಆ ಪುಟ್ಟ ಮನೆಯಲ್ಲಿ ಬೆಳಕು ಹರಿಯುವ ಹೊತ್ತು. ಒಲೆಯ ಮೇಲೆ ಹಾಲು, ಅಡುಗೆಕಟ್ಟೆಯ ಮೇಲೆ ದಿನಪತ್ರಿಕೆ, ಪಕ್ಕದಲ್ಲಿ ಲ್ಯಾಪ್‌ಟಾಪ್. ವಾಣಿ ಮೊದಲು ತೆರೆಯುವುದು ನಿಧನವಾರ್ತೆಗಳ ಪುಟವನ್ನು. ಒಂದೊಂದೇ ಹೆಸರು ಓದುತ್ತಾರೆ, ಅದೇ ಹೆಸರು ಲ್ಯಾಪ್‌ಟಾಪಿನಲ್ಲೂ ಇದೆಯೇ ಎಂದು ಹುಡುಕುತ್ತಾರೆ. ಇದ್ದರೆ, ಒಂಬತ್ತು ಗಂಟೆಗೆ ಆ ಮನೆಗೆ ಹೋಗಬೇಕಾಗಿದ್ದ ಸಂದೇಶವನ್ನು ತಡೆದು ಒಂದು ನಿಟ್ಟುಸಿರು ಬಿಡುತ್ತಾರೆ.

"ಎದ್ದೇಟ್ಗೆ ಸತ್ತೋರ ಪುಟ ಹಿಡ್ಕೊಂಡ್ ಕೂತ್ಕತೀಯಲ್ಲವ್ವ, ಒಸಿ ದೇವ್ರ ಪಟನಾದ್ರೂ ನೋಡಬಾರ್ದಾ?" ಎಂದು ಅತ್ತೆ ಮಹದೇವಮ್ಮ ದಿನವೂ ಗೊಣಗುತ್ತಾರೆ. ಸೊಸೆ ದಿನವೂ ನಗುತ್ತಾರೆ. ಈ ಮಾತುಕತೆಯ ನಡುವೆ ಆಗಾಗ ಹಾಲು ಉಕ್ಕುವುದೂ ಉಂಟು.

ವಾಣಿ ಕೆಲಸ ಮಾಡುವುದು ಕುವೆಂಪುನಗರದ ಒಂದು ಮಳಿಗೆಯಲ್ಲಿ. ಮನೆಯಲ್ಲೇ ಮಲಗಿರುವ ರೋಗಿಗಳಿಗೆ ಬೇಕಾದ ಮಡಚುವ ಮಂಚ, ಗಾಲಿಕುರ್ಚಿ, ಆಕ್ಸಿಜನ್ ಯಂತ್ರಗಳು ಇಲ್ಲಿ ಮಾರಾಟಕ್ಕೂ ಬಾಡಿಗೆಗೂ ಸಿಗುತ್ತವೆ. ಎಂಟು ವರ್ಷದ ಹಿಂದೆ ಅವರು ಇಲ್ಲಿಗೆ ಬಂದದ್ದು ಗಿರಾಕಿಯಾಗಿ. ಪಾರ್ಶ್ವವಾಯು ಹೊಡೆದು ಮಲಗಿದ್ದ ಮಾವನಿಗೆ ಮಂಚ ಬೇಕಿತ್ತು. ಮಾವ ತೀರಿಕೊಂಡ ಮೇಲೆ ಮಂಚ ಹಿಂದಿರುಗಿಸಲು ಬಂದವರು, ಅಲ್ಲೇ ನಿಂತು ಕೆಲಸ ಕೇಳಿದರು. ಬಿ.ಕಾಂ. ಓದಿ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತಿದ್ದ ಹೆಂಗಸು ಹೀಗೆ ರೋಗಿಗಳ ಮನೆಗಳ ಲೋಕಕ್ಕೆ ಕಾಲಿಟ್ಟರು.

ಮಂಚ ತೋರಿಸುವವರು, ಹೊರುವವರು, ಜೋಡಿಸುವವರು ಗಿರಾಕಿಯ ಕಣ್ಣಿಗೆ ಬೀಳುತ್ತಾರೆ. ವಾಣಿ ಬೀಳುವುದಿಲ್ಲ. ವಿಚಾರಿಸಿ ಹೋದವರನ್ನು ಯಾರು ಯಾವಾಗ ಮತ್ತೆ ಮಾತಾಡಿಸಬೇಕು ಎಂಬುದನ್ನು ಕಂಪ್ಯೂಟರಿಗೆ ಕಲಿಸಿಕೊಡುವುದು ಅವರ ಕೆಲಸ. ಸಿಆರ್‌ಎಂ ಎಂದು ಕರೆಯುವ ಆ ಸಾಫ್ಟ್‌ವೇರಿನಲ್ಲಿ ಪ್ರತಿ ಗಿರಾಕಿಗೂ ಒಂದು ಕಾರ್ಡ್. ವಿಚಾರಣೆಯಿಂದ ದರಪಟ್ಟಿಗೆ, ದರಪಟ್ಟಿಯಿಂದ ಖರೀದಿಗೆ ಕಾರ್ಡು ಸರಿದಂತೆಲ್ಲ ಮುಂದಿನ ಕೆಲಸ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ದರ ಹೇಳಿ ಬಂದ ಮಾರಾಟಗಾರನಿಗೆ, ಗಿರಾಕಿಗೆ ಮತ್ತೆ ಫೋನ್ ಮಾಡು ಎಂದು ನೆನಪಿಸುತ್ತದೆ. ಯಂತ್ರ ಮನೆ ಸೇರಿದರೆ ಫಿಲ್ಟರ್ ನೋಡಿ ಬಾ ಎಂದು ಮೆಕ್ಯಾನಿಕ್‌ಗೆ ತಿಳಿಸುತ್ತದೆ. ಗಿರಾಕಿಗಳಿಗೆ ದಿನಕ್ಕೆ ಮೂವತ್ತು ನಲವತ್ತು ಸಂದೇಶಗಳನ್ನೂ ಕಳಿಸುತ್ತದೆ.

"ಮೊದ್ಲು ಎಲ್ಲಾ ಬಾಯ್ಮಾತಲ್ಲೇ ನಡೀತಿತ್ತು. ಒಂದ್ಸಲ ಆಕ್ಸಿಜನ್ ಮಿಷನ್ ಕೇಳಿದ್ದೋರಿಗೆ ತಿರುಗಿ ಫೋನ್ ಮಾಡೋದನ್ನೇ ಮರ್ತ್‌ಬುಟ್ಟಿದ್ವಿ. ಪಾಪ, ನಮ್ಮನ್ನೇ ನಂಬ್ಕೊಂಡು ಕಾಯ್ತಾ ಕೂತಿದ್ರು. ಅದಕ್ಕೇ ಇದು ಬಂದಾಗ ಎಲ್ರಿಗಿಂತ ಹೆಚ್ಚು ಖುಷಿಯಾಗಿದ್ದು ನಂಗೆ" ಎನ್ನುತ್ತಾರೆ ವಾಣಿ. ಗಿರಾಕಿಗಳಿಗೆ ಹೋಗುವ ಮಾತುಗಳನ್ನು ಬರೆದವರೂ ಅವರೇ. ವ್ಯಾಪಾರದ ಒಣಮಾತು ಬೇಡವೆಂದು ರೋಗಿಯ ಹೆಸರು ಹಿಡಿದು ಕ್ಷೇಮ ಕೇಳುವಂತೆ ಬರೆದರು. ಕೆಳಗೆ 'ಇಂತಿ, ವಾಣಿ' ಎಂದು ಹಾಕಿದರು.

ಕಳೆದ ವರ್ಷ ಆ ಮಾತೇ ಅವರ ಕೊರಳಿಗೆ ಸುತ್ತಿಕೊಂಡಿತು.

ಮಂಡಿ ಮೊಹಲ್ಲಾದಲ್ಲಿ ತಗಡಿನ ಟ್ರಂಕು ಮಾಡುತ್ತಿದ್ದ ಕಾಳಯ್ಯನವರಿಗೆಂದು ಮಗಳು ಮಂಚದ ದರ ವಿಚಾರಿಸಿದ್ದರು. ಕೊಳ್ಳುವ ಮೊದಲೇ ಕಾಳಯ್ಯ ಹೋಗಿಬಿಟ್ಟರು. ಅಂದೇ ಫೋನ್ ಮಾಡಿದ ಮಾರಾಟಗಾರ ವಿಜಯ್‌ಕುಮಾರ್‌ಗೆ ವಿಷಯ ತಿಳಿಯಿತು. ಕಾರ್ಡು ಮುಚ್ಚಲು ಹೋದರೆ ಕಾರಣ ಹೇಳಬೇಕು. ದರ ಹೆಚ್ಚಾಯಿತು, ಬೇರೆ ಕಡೆ ಕೊಂಡರು, ಉತ್ತರವಿಲ್ಲ ಎಂಬ ಕಾರಣಗಳಿದ್ದವೇ ಹೊರತು ಸಾವಿಗೆ ಅಲ್ಲಿ ಜಾಗವಿರಲಿಲ್ಲ. ಮುಚ್ಚಿದ ಕಾರ್ಡು ಮಾರಾಟಗಾರನ ತಿಂಗಳ ಲೆಕ್ಕದಲ್ಲಿ ಸೋಲು ಬೇರೆ. ಎಲ್ಲರೂ ಮಾಡುವಂತೆ ಅವರೂ ಅದನ್ನು 'ಮುಂದೂಡಿಕೆ'ಗೆ ತಳ್ಳಿ ಸುಮ್ಮನಾದರು. ಮುಂದೂಡಿದವರಿಗೆ ಹತ್ತು ದಿನಕ್ಕೊಂದು ಸಂದೇಶ ಹೋಗುವಂತೆ ವಾಣಿಯೇ ವ್ಯವಸ್ಥೆ ಮಾಡಿದ್ದರು. ನಮ್ಮಲ್ಲಿ ತಿಥಿ ಹನ್ನೊಂದನೆಯ ದಿನಕ್ಕೆ. ಎಡೆ ಇಟ್ಟು ನೆಂಟರೆಲ್ಲ ಕೂತಿದ್ದ ಹೊತ್ತಿಗೆ ಆ ಮನೆಯ ಫೋನಿಗೆ 'ಕಾಳಯ್ಯನವರು ಈಗ ಹೇಗಿದ್ದಾರೆ?' ಎಂದು ಸಂದೇಶ ಬಂತು.

ಬೈಗುಳ ಬಂದಿದ್ದರೆ ವಾಣಿ ತಡೆದುಕೊಳ್ಳುತ್ತಿದ್ದರೇನೋ. ಬಂದದ್ದು ಕಾಳಯ್ಯನವರ ಹೆಂಡತಿ ತಿಮ್ಮಮ್ಮನ ಫೋನ್. "ನಮ್ ಯಜಮಾನ್ರು ಎಂಗವ್ರೆ ಅಂತ ಕೇಳಿದ್ಯಂತಲ್ಲವ್ವ. ಅವ್ರು ಓಗ್ಬುಟ್ರು ಕಣವ್ವ. ನಿಂಗ್ಯಾರೂ ಏಳ್ಲಿಲ್ಲ ಅಂತ ಕಾಣ್ತದೆ. ಇವತ್ತೇ ತಿಥಿ, ಊಟಕ್ ಬಂದ್ಬುಡು."

ಸ್ಕೂಟರ್ ಹತ್ತಿ ವಾಣಿ ಹೋದರು. ತಿಮ್ಮಮ್ಮ ಪಂಕ್ತಿಯಲ್ಲಿ ಕೂರಿಸಿ, ಮುಂದೆ ನಿಂತು ಬಡಿಸಿದರು. "ಊಟ ಮುಗಿಸ್ದೆ. ಕೈ ತೊಳ್ಕೊಂಡು ಬಂದು ನಿಜ ಹೇಳ್ದೆ. ಕೇಳಿದ್ದು ನಾನಲ್ಲಮ್ಮ, ಕಂಪ್ಯೂಟರ್ ತಾನಾಗೇ ಕಳಿಸಿದ್ದು ಅಂತ. ಅವ್ರು 'ಅಂಗಾರೆ ಯಾರೂ ಕೇಳ್ನೇ ಇಲ್ವಾ?' ಅಂದ್ರು."

ಮರುದಿನವೇ ವಾಣಿ 'ಮನೆಯಲ್ಲಿ ಸಾವು' ಎಂಬ ಹೊಸ ಹಂತ ಸೇರಿಸಿದರು. ಕಾರ್ಡು ಅಲ್ಲಿಗೆ ಹೋದರೆ ಎಲ್ಲ ಸಂದೇಶಗಳೂ ನಿಲ್ಲುತ್ತವೆ, ಮಾರಾಟಗಾರನ ಲೆಕ್ಕಕ್ಕೂ ಪೆಟ್ಟಿಲ್ಲ. ಸಾವನ್ನು ಯಾರೂ ಅಂಗಡಿಗೆ ಬಂದು ಹೇಳುವುದಿಲ್ಲವಲ್ಲ, ಅದಕ್ಕೇ ಪತ್ರಿಕೆ ನೋಡುವ ಅಭ್ಯಾಸ ಶುರುವಾಯಿತು. ರೋಗಿಯ ಸ್ಥಿತಿ ನಾಜೂಕಾಗಿದ್ದರೆ ತಾವೇ ಫೋನ್ ಮಾಡಿ ಕೇಳುತ್ತಾರೆ, ಆಮೇಲಷ್ಟೇ ಸಂದೇಶ. ಇದಕ್ಕೆ ಸಂಬಳವೇನೂ ಹೆಚ್ಚಿಲ್ಲ, ಬೆಳಗಿನ ನಿದ್ದೆ ಮಾತ್ರ ಖೋತಾ.

ಮಾಲೀಕ ಯೋಗೇಂದ್ರ ಕೆಟ್ಟವರಲ್ಲ, ಅವಸರದವರು. "ತಾನಾಗೇ ಕೆಲ್ಸ ಮಾಡ್ಲಿ ಅಂತ ಸಾಫ್ಟ್‌ವೇರ್ ತಂದ್ರೆ, ಅದ್ರ ಕೆಲ್ಸಾನೂ ನೀವೇ ಮಾಡ್ತಿದ್ದೀರಲ್ರೀ" ಎಂದು ರೇಗಿಸುತ್ತಿದ್ದವರು, ಹೋದ ತಿಂಗಳು ಗಟ್ಟಿಯಾಗಿ ಹೇಳಿಯೇಬಿಟ್ಟರು. ಸೋಮವಾರದಿಂದ ಸಂದೇಶಗಳು ಯಾರಿಗೂ ಕಾಯದೆ ನೇರವಾಗಿ ಹೋಗಬೇಕು. ತಿಮ್ಮಮ್ಮನದಂಥ ಇನ್ನೊಂದು ಫೋನ್ ತಡೆದುಕೊಳ್ಳುವ ಶಕ್ತಿ ವಾಣಿಯಲ್ಲಿರಲಿಲ್ಲ. ವಾದ ಮಾಡಲಿಲ್ಲ, ಕೇಳಿದ್ದು ಒಂದೇ: "ಹಾಗಾದ್ರೆ ಕೆಳಗೆ ನನ್ನ ಹೆಸರು ಬೇಡ ಸಾರ್."

"ಅಷ್ಟೇ ತಾನೇ?" ಎಂದು ನಕ್ಕ ಯೋಗೇಂದ್ರ ತಮ್ಮ ಹೆಸರು ಹಾಕಿಸಿದರು.

ಸೋಮವಾರ ಒಂಬತ್ತಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ವಾಣಿಯ ಫೋನ್ ಹೊಡೆದುಕೊಳ್ಳುತ್ತದೆ. ಆ ಕಡೆ ಯೋಗೇಂದ್ರ. "ವಾಣಿ ಅವ್ರೇ, ಇವತ್ತಿನ ಪಟ್ಟೀಲಿ ಚನ್ನಬಸವಯ್ಯ ಅಂತ ಒಬ್ರಿದ್ದಾರೆ. ಉಸಿರಾಟದ ತೊಂದ್ರೆ, ತುಂಬಾ ವಯಸ್ಸಾಗಿದೆ. ಅವ್ರು... ಇದ್ದಾರಾ?"

"ಗೊತ್ತಿಲ್ಲ ಸಾರ್."

"ಹೇಗಿದ್ದಾರೆ ಅಂತ ನನ್ನ ಹೆಸರಲ್ಲಿ ಹೋಗ್ಬಿಡುತ್ತಲ್ರೀ ಈಗ!"

"ನಿಲ್ಸಿರಿ ಸಾರ್, ಕೇಳ್ತೀನಿ."

ಚನ್ನಬಸವಯ್ಯನವರ ಸೊಸೆ ಫೋನ್ ಎತ್ತಿ ಮಾವನ ಕೈಗೇ ಕೊಡುತ್ತಾರೆ. ಮುದುಕರು ಕೆಮ್ಮಿ, ಸುಧಾರಿಸಿಕೊಂಡು, ರಾತ್ರಿ ನಿದ್ದೆ ಬಾರದ್ದನ್ನು ಹೇಳುತ್ತಾರೆ, ಬೆಳಿಗ್ಗೆ ಎರಡು ಇಡ್ಲಿ ತಿಂದದ್ದನ್ನು ಹೇಳುತ್ತಾರೆ. ಆಕ್ಸಿಜನ್ ಯಂತ್ರದ ಮಾತು ಬರುವುದೇ ಇಲ್ಲ. ವಾಣಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ಮುಗಿದ ಮೇಲೆ ಮಾಲೀಕರಿಗೆ ಫೋನ್ ಹಚ್ಚುತ್ತಾರೆ.

"ಇದ್ದಾರೆ ಸಾರ್. ಮಾತಾಡಿದ್ರು."

ಯೋಗೇಂದ್ರ ಉಸಿರು ಬಿಟ್ಟದ್ದು ಈ ಕಡೆಗೂ ಕೇಳಿಸುತ್ತದೆ. "ಕೆಳಗೆ ನಿಮ್ಮ ಹೆಸರೇ ಇರ್ಲಿ ವಾಣಿ ಅವ್ರೇ."

"ಕೇಳೋದೂ ನಾನೇ ಆದ್ರೆ ಇರ್ಲಿ ಸಾರ್."