ದಪ್ಪ ಎಣ್ಣೆಯ ಕಾರು ತರಲು ಕಲ್ಯಾಣಕ್ಕೆ

ತೊಂಬತ್ತರ ದಶಕದ ಕೊನೆಯ ಒಂದು ಪುಷ್ಯಮಾಸದಲ್ಲಿ, ಹಳೆಯ ಅಂಬಾಸಿಡರ್ ಕಾರೊಂದನ್ನು ತರಲು ಗುಲ್ಬರ್ಗದಿಂದ ಬಸವಕಲ್ಯಾಣಕ್ಕೆ ಹೊರಟೆ. ಮದುವೆ ಫೋಟೋ ತೆಗೆಯುವುದು ನನ್ನ ಕಸುಬು. ಕ್ಯಾಮೆರಾ, ದೀಪ, ಸ್ಟ್ಯಾಂಡು ಹೊತ್ತು ಬಸ್ಸು ಹತ್ತಿಳಿದು ಸೊಂಟ ಬಿದ್ದುಹೋಗಿತ್ತು. ಕಾರಿನ ಒಡತಿ ಕಾಶಮ್ಮ ಎಂಬ ವಿಧವೆ. ಬೆಲೆಯ ಮಾತು ಮುಗಿದಿತ್ತು. ಆದರೆ ಆಕೆಯದೊಂದು ಷರತ್ತಿತ್ತು. ಚಳಿಗಾಲದ ನಸುಕಿನಲ್ಲೇ ಕಾರು ಚಾಲೂ ಮಾಡಿ ಒಯ್ಯಬೇಕು. ಬಿಸಿಲೇರಿದ ಮೇಲೆ ಒಯ್ಯುತ್ತೇವೆಂದವರನ್ನು ಆಕೆ ಬರಿಗೈಯಲ್ಲಿ ಕಳಿಸಿದ್ದರಂತೆ. ಹುಚ್ಚು ಷರತ್ತು ಎಂದು ನಕ್ಕು ಬಸ್ಸು ಹತ್ತಿದೆ.

ಹುಮನಾಬಾದಿನಲ್ಲಿ ಬಸ್ಸು ಬದಲಿಸಬೇಕಿತ್ತು. ಕಾರ್ಖಾನೆಗಳ ಕಡೆಯಿಂದ ಔಷಧದಂಥ ವಾಸನೆ ಬರುತ್ತಿತ್ತು. ಮೂಗು ಮುಚ್ಚಿಕೊಂಡೇ ಬಿಸಿ ಭಜಿ ತಿಂದು, ಚಹಾ ಕುಡಿದು, ಹೆದ್ದಾರಿ ಪಕ್ಕದ ಇಂಜಿನ್ ಎಣ್ಣೆಯ ಅಂಗಡಿಗೆ ಹೋದೆ. ಚಳಿಯಲ್ಲಿ ಹಳೆಯ ಕಾರು ಏಳಬೇಕಾದರೆ ಯಾವ ಎಣ್ಣೆ ಒಳ್ಳೆಯದು ಎಂದು ಕೇಳಿದೆ.

“ಹಳೇ ಇಂಜಿನ್ನಿಗಿ ದಪ್ಪ ಎಣ್ಣೀನೇ ಬೇಕ್ರಿ,” ಎಂದ ಅಂಗಡಿಯವ. “ತೆಳ್ಳಂದು ಹಾಕಿದ್ರ ಸುಟ್ಟು ಹೊಗಿ ಆಗ್ತದ.”

“ಥಂಡ್ಯಾಗ ದಪ್ಪಂದು ಗಟ್ಟಿ ಆಗಂಗಿಲ್ಲೇನು?”

“ಇದೇನ್ ಕಾಶ್ಮೀರ ಏನ್ರಿ? ಒಯ್ರಿ, ಏನೂ ಆಗಂಗಿಲ್ಲ.”

ಡಬ್ಬಿ ಚೀಲ ಸೇರಿತು. ಮುಂದೆ ಮೂವತ್ತು ಕಿಲೋಮೀಟರಿನಷ್ಟು ದಾರಿ, ಎರಡೂ ಬದಿಗೆ ತೊಗರಿ, ಕಡಲೆಯ ಹೊಲ. ಕಲ್ಯಾಣದ ಕೋಟೆ ಕಾಣುವ ಹೊತ್ತಿಗೆ ಸಂಜೆಯ ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಕಾಶಮ್ಮನವರದು ಹುಲಸೂರ ರಸ್ತೆಯಲ್ಲಿ ಊರು ದಾಟಿದ ಮೇಲೆ ಸಿಗುವ ಒಂಟಿ ಮನೆ. ಕರೆದರೆ ಓ ಎನ್ನುವ ನೆರೆಮನೆ ಒಂದೂ ಇರಲಿಲ್ಲ.

“ಶರಣ್ರಿ, ಬರ್ರಿ,” ಎಂದು ಒಳಗೆ ಕರೆದರು. ಐವತ್ತು ದಾಟಿದ ಗಟ್ಟಿ ಹೆಂಗಸು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿಪುಡಿ ಬಡಿಸಿದರು. ಊಟದ ನಡುವೆ ನಾನು ತಯಾರಾಗಿಯೇ ಬಂದಿದ್ದೇನೆಂದು ಜಂಬದಿಂದ ಡಬ್ಬಿ ತೋರಿಸಿದೆ. ಬಡಿಸುತ್ತಿದ್ದ ಕೈ ನಿಂತಿತು.

“ದಪ್ಪಂದು ಹೌದಿಲ್ರಿ ಇದು?”

“ಹೌದ್ರಿ.”

“ಮನ್ಯಾಗ ಇಡಬ್ಯಾಡ್ರಿ.”

ಯಾಕೆ ಎನ್ನುವಷ್ಟರಲ್ಲಿ ಅದನ್ನು ಸೆರಗಿನಿಂದ ಹಿಡಿದು ಒಯ್ದು, ಕಾಂಪೌಂಡಿನಾಚೆ ಇಟ್ಟು ಬಂದು ಕೈ ತೊಳೆದುಕೊಂಡರು. ಮುಂಜಾನೆ ಹೇಳುತ್ತೇನೆ ಎಂದಷ್ಟೇ ಅಂದರು. ಉಳಿದ ರೊಟ್ಟಿ ಮುಗಿಸಿ ರಾತ್ರಿ ಅಲ್ಲೇ ಪಡಸಾಲೆಯಲ್ಲಿ ಮಲಗಿದೆ.

ನಸುಕಿನಲ್ಲಿ ಇಂಜಿನ್ನಿನ ಸದ್ದಿಗೆ ಎಚ್ಚರವಾಯಿತು. ಅಂಗಳಕ್ಕೆ ಬಂದೆ. ದಟ್ಟ ಮಂಜಿನಲ್ಲಿ ಅರ್ಧ ಕಾರು ಮಾತ್ರ ಕಾಣುತ್ತಿತ್ತು. ಅದರ ಹೊಟ್ಟೆಯ ಕೆಳಗೆ ಕೆಂಪು ಬೆಳಕು. ಇಂಜಿನ್ನು ಓಡುತ್ತಿತ್ತು, ಸ್ಟೇರಿಂಗಿನ ಮುಂದೆ ಯಾರೂ ಇರಲಿಲ್ಲ. ಬಾಗಿಲಿನತ್ತ ಹಿಂದೆ ಸರಿದೆ. ಆಮೇಲೆ ಕಾರಿನ ಆಚೆ ಬದಿಯಲ್ಲಿ ಕೂತಿದ್ದ ಕಾಶಮ್ಮ ಕೆಂಡದ ಬಾಣಲೆ ಎಳೆದುಕೊಂಡು ಎದ್ದರು.

“ಅಂಜಬ್ಯಾಡ್ರಿ. ಥಂಡಿ ದಿನದಾಗ ದಿನಾ ಇದೇ ಹೊತ್ತಿಗಿ ಕೆಂಡ ಇಟ್ಟು, ಎಣ್ಣಿ ಕಾಸಿ, ಒಮ್ಮಿ ಚಾಲೂ ಮಾಡ್ತೀನಿ.”

“ಯಾರ ಸಲುವಾಗಿ?”

ಆಕೆ ಹಿಂದಿನ ಸೀಟಿನ ಕಡೆ ನೋಡಿದರು. ಗಂಡ ಮಾಣಿಕಪ್ಪ ಬದುಕಿದ್ದಾಗ ಕಾರು ವಿಪರೀತ ಹೊಗೆ ಉಗುಳುತ್ತಿತ್ತಂತೆ.

“ಜನಾ ನಗ್ತಾರ, ದಪ್ಪ ಎಣ್ಣಿ ಹಾಕಸ್ರಿ ಅಂತ ನಾನೇ ಗಂಟ ಬಿದ್ದೆ. ಹಾಕಸಿದ್ರು, ಹೊಗಿ ನಿಂತಿತು. ಆಮ್ಯಾಲ ಇಂಥಾದೇ ಒಂದು ಮುಂಜಾನಿ ಅವರಿಗಿ ಎದಿನೋವು ಬಂತು. ಅವರನ್ನ ನೋಡೋ ಡಾಕ್ಟರು ಹುಮನಾಬಾದಿನ್ಯಾಗ. ಹಿಂದಿನ ಸೀಟಿನ್ಯಾಗ ಕುಂಡ್ರಿಸಿದೆ. ಕಾರು ನಡಸೂದು ಅವರೇ ಕಲಿಸಿದ್ರು ನನಗ. ಚಾವಿ ತಿರುವಿದೆ. ಹ್ಯಾಂಡಲ್ ಹಾಕಿ ತಿರುವಿದೆ. ಎಣ್ಣಿ ಬೆಲ್ಲದ ಪಾಕ ಆಗಿತ್ತು. ಕೆಂಡ ಮಾಡಿ ಕಾಸಿ ಚಾಲೂ ಮಾಡೂದ್ರಾಗ ಅವರು ಮುಗದಿದ್ರು.”

ಆಕೆ ಅಳಲಿಲ್ಲ.

“ಅವರು ಹೋಗಿಲ್ರಿ. ದಿನಾ ಇದೇ ಹೊತ್ತಿಗಿ ಬಂದು ಕುಂಡ್ರತಾರ. ನಾ ಸ್ಟೇರಿಂಗ್ ಹಿಡದ್ರ ಕೈ ನಡಗ್ತಾವ. ನೀವು ಅವರನ್ನ ಡಾಕ್ಟರ ಬಾಗಲಿಗಿ ಮುಟ್ಟಸ್ರಿ, ಆಮ್ಯಾಲ ಕಾರು ನಿಮ್ಮದು. ಈ ಎಣ್ಣಿ ಇಳಸಿ ತೆಳ್ಳಂದು ಹಾಕಸ್ರಿ. ಹೊಗಿ ಬಂದ್ರ ಬರ್ಲಿ. ನಗೋರು ನಗ್ಲಿ.”

ಹಿಂದಿನ ಬಾಗಿಲು ತೆರೆದು ಹಿಡಿದರು. ಸೀಟಿನ ಮೇಲೆ ಕಂಬಳಿ ಹಾಸಿ, ಯಾರೋ ಕಾಲು ಒಳಗೆಳೆದುಕೊಳ್ಳುವಷ್ಟು ಹೊತ್ತು ಕಾದು, ಮೆಲ್ಲಗೆ ಮುಚ್ಚಿದರು. “ದಾರ್‍ಯಾಗ ಎಲ್ಲೂ ನಿಲ್ಲಬ್ಯಾಡ್ರಿ,” ಎಂದರು.

ಸುಳ್ಳು ಯಾಕೆ, ನನಗೆ ಜೀವ ಬಾಯಿಗೆ ಬಂದಿತ್ತು. ಹೆದ್ದಾರಿಯಲ್ಲಿ ಲಾರಿಗಳ ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹಿಂದೆ ನೋಡಬಾರದು ಎಂದುಕೊಳ್ಳುತ್ತಲೇ ಮತ್ತೆ ಮತ್ತೆ ಕನ್ನಡಿ ನೋಡಿದೆ. ಸೀಟು ಖಾಲಿ ಇತ್ತು. ಆದರೆ ಹಿಂದಿನ ಎಡಗಾಜು ಮಾತ್ರ ಒಳಗಿನಿಂದ ಮಬ್ಬಾಗುತ್ತಿತ್ತು, ತಿಳಿಯಾಗುತ್ತಿತ್ತು, ಮತ್ತೆ ಮಬ್ಬಾಗುತ್ತಿತ್ತು. ನನ್ನದೇ ಉಸಿರು ಎಂದು ಸಮಾಧಾನ ಹೇಳಿಕೊಂಡೆ. ಉಸಿರು ಬಿಗಿಹಿಡಿದು ನೋಡಿದೆ. ಗಾಜು ಆಗಲೂ ಮಬ್ಬಾಯಿತು. ಅಲ್ಲಿಂದ ಮುಂದೆ ಭಯಕ್ಕಿಂತ ಅವಸರವೇ ಹೆಚ್ಚಾಯಿತು. ಜೋರಾಗಿ ಓಡಿಸಿದೆ. ರಸ್ತೆ ಉಬ್ಬಿದ್ದಲ್ಲಿ ಮಾತ್ರ, ಹಿಂದೆ ಕೂತವರಿಗೆ ನೋವಾದೀತೆಂದು, ಮೆಲ್ಲಗೆ ದಾಟಿಸಿದೆ.

ಹುಮನಾಬಾದ್ ಮುಟ್ಟಿದಾಗ ಬೆಳಕು ಹರಿಯುತ್ತಿತ್ತು. ಕಾಶಮ್ಮ ಹೇಳಿದ ಡಾಕ್ಟರ ದವಾಖಾನೆಯ ಗೇಟಿನ ಮುಂದೆ ಕಾರು ನಿಲ್ಲಿಸಿ, ಇಳಿದು, ಹಿಂದಿನ ಬಾಗಿಲು ತೆರೆದೆ. ಯಾರಾದರೂ ನೋಡಿದರೆ ಹುಚ್ಚನೆಂದಾರು ಎಂಬ ನಾಚಿಕೆಯೂ ಆಗ ಉಳಿದಿರಲಿಲ್ಲ.

“ಬರ್ರಿ ಮಾಣಿಕಪ್ಪನವ್ರ, ಮುಟ್ಟಿದ್ವಿ,” ಎಂದೆ.

ಗೇಟಿನೊಳಗೆ ಹೆಂಗಸೊಬ್ಬಳು ಕಸ ಗುಡಿಸುತ್ತಿದ್ದಳು. ತಲೆಯೆತ್ತಿ ನೋಡಿದಳು, ನನ್ನ ಕಡೆಗಲ್ಲ, ನನ್ನ ಪಕ್ಕಕ್ಕೆ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಕಸಬರಿಗೆ ಎತ್ತಿ ಹಿಡಿದು, ದಾರಿ ಬಿಟ್ಟು ನಿಂತಳು.