ಸೊಂಟಕ್ಕೆ ಬಿದ್ದ ಕೀಲಿ

ರಬಕವಿಯ ಶಿವಯೋಗೆಪ್ಪನಿಗೆ ಹೇಸಿಗೆ ಬಹಳ. ಇದು ಓಣಿಗೆಲ್ಲ ಗೊತ್ತಿದ್ದ ಮಾತು. ಬಸ್ಸಿನ ಸೀಟನ್ನು ಕೈವಸ್ತ್ರದಿಂದ ಒರೆಸದೆ ಕೂರುತ್ತಿರಲಿಲ್ಲ. ಹೊರಗೆ ನೀರು ಕುಡಿದರೆ ತಂಬಿಗೆಯನ್ನು ಎತ್ತಿ ಗಂಟಲಿಗೆ ಸುರಿದುಕೊಳ್ಳುತ್ತಿದ್ದ. ಚಹಾವನ್ನು ಹಾಗೆ ಸುರಿದುಕೊಳ್ಳಲು ಬರುವುದಿಲ್ಲವೆಂದು ಹೋಟೆಲಿನ ಚಹಾವನ್ನೇ ಬಿಟ್ಟಿದ್ದ. "ನಮ್ಮ ಮನಿಯವರಿಗೆ ದೇವ್ರು ಹೆಣ್ಣಿನ ಜೀವಾ ಕೊಡಬೇಕಾಗಿತ್ತು, ತಪ್ಪಿ ಧೋತರ ಉಡಿಸಿ ಕಳಿಸ್ಯಾನ," ಎಂದು ಹೆಂಡತಿ ಗುರುಬಸವ್ವ ನೆರೆಯವರೆದುರು ನಗುತ್ತಿದ್ದಳು. ಆದರೆ ಅವನ ಧೋತರವನ್ನು ದಿನವೂ ನೀಲಿ ಹಾಕಿ ಒಗೆಯುತ್ತಿದ್ದವಳೂ ಅವಳೇ.

ಅಪ್ಪನದು ಕೈಯಿಂದ ನೇಯುವ ಕುಣಿಮಗ್ಗ. ಊರ ತುಂಬ ವಿದ್ಯುತ್ ಮಗ್ಗಗಳ ಖಟಖಟ ಶುರುವಾದ ಮೇಲೆ ಆ ಮಗ್ಗ ಮೂಲೆ ಸೇರಿತು. ಮೀಸೆ ಚಿಗುರುವ ವಯಸ್ಸಿನಲ್ಲಿ ಶಿವಯೋಗೆಪ್ಪ ಬನಹಟ್ಟಿಯ ಸೀರೆ ವ್ಯಾಪಾರಿ ಮಲಕಾಜಪ್ಪನ ಅಂಗಡಿಗೆ ಕೆಲಸಕ್ಕೆ ಸೇರಿದ. ಕೆಲಸವೆಂದರೆ ತಿರುಗುವುದು. ಹೊಸ ನಮೂನೆಯ ಸೀರೆಗಳನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಜಮಖಂಡಿ, ಮುಧೋಳ, ಲೋಕಾಪುರ, ಬೀಳಗಿಯ ಅಂಗಡಿಗಳಿಗೆ ಹೋಗಬೇಕು. ಸೆರಗು ಬಿಡಿಸಿ ತೋರಿಸಬೇಕು, ಯಾರಿಗೆ ಯಾವುದು ಬೇಕೆಂದು ಕೇಳಿಕೊಂಡು ಬರಬೇಕು. ಒಮ್ಮೆ ಘಟಪ್ರಭೆ ತುಂಬಿ ರಸ್ತೆಗೇ ಬಂದಾಗ ಬಸ್ಸು ನೀರಿನಲ್ಲಿ ನಿಂತುಬಿಟ್ಟಿತ್ತು. ಎದೆಮಟ್ಟದ ನೀರಿನಲ್ಲಿ ಇಳಿದು, ತಲೆಯ ಮೇಲೆ ಗಂಟು ಹೊತ್ತು ಆಚೆ ದಡ ಸೇರಿದ್ದ. ಒಂದು ಸೀರೆಯ ಮಡಿಕೆಯೂ ಒದ್ದೆಯಾಗಿರಲಿಲ್ಲ. ಮಲಕಾಜಪ್ಪ ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದ. "ನನ್ನ ಶಿವಯೋಗಿ ಕೈಯಾಗ ಕೊಟ್ರ ಅದು ಮನ್ಯಾಗಿಟ್ಟಾಂಗ," ಅನ್ನುತ್ತಿದ್ದ. ಆ ಮಾತು ಕೇಳಿದಾಗೆಲ್ಲ ಶಿವಯೋಗೆಪ್ಪ ತಲೆ ತಗ್ಗಿಸಿ ಸೀರೆ ಮಡಚತೊಡಗುತ್ತಿದ್ದ, ಒಳಗೊಳಗೇ ಹಿಗ್ಗುತ್ತಿದ್ದ.

ಹೀಗೇ ತಲೆ ನರೆಯಿತು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ಮಲಕಾಜಪ್ಪನ ಮಗಳ ಗಂಡ ದಶರಥ ಬಂದು ವ್ಯಾಪಾರದ ಉಸ್ತುವಾರಿ ಹಿಡಿದ. ಪುಣೆಯಲ್ಲಿ ಓದಿದವನು, ಚುರುಕಿನವನು. ಮುಂಬೈಯಿಂದ ಒಂದು ಲ್ಯಾಪ್‌ಟಾಪ್ ತರಿಸಿದ. ಮಡಚಿದರೆ ದೊಡ್ಡ ಪುಸ್ತಕದಷ್ಟು, ತೆರೆದರೆ ಒಳಗೆ ಸೀರೆಗಳು. ಒಂದು ಗುಂಡಿ ಒತ್ತಿದರೆ ಅಂಚು ಕೆಂಪಾಗುತ್ತಿತ್ತು, ಇನ್ನೊಂದು ಒತ್ತಿದರೆ ಹಸಿರು. ಇನ್ನು ಮೇಲೆ ಗಂಟು ಹೊರುವುದು ಬೇಡ, ಅಂಗಡಿಯವರಿಗೆ ಇದರಲ್ಲೇ ತೋರಿಸೋಣ ಎಂದ.

ಶಿವಯೋಗೆಪ್ಪ ಮೂಗು ಮುರಿಯಲಿಲ್ಲ. ಕೈ ತೊಳೆದು ಒರೆಸಿಕೊಂಡು ಬಂದು ಅದರೆದುರು ಕೂತ, ಕಲಿತ. ಅಂಚಿನ ಬಣ್ಣ ಬದಲಾಗುವುದನ್ನು ಮೊದಲ ಸಲ ತಾನೇ ಮಾಡಿದ ದಿನ ಮನೆಗೆ ಹೋಗಿ ಗುರುಬಸವ್ವನಿಗೆ, "ಒಂದ ಸೀರಿ, ನೂರಾ ಎಂಟ ಬಣ್ಣಾ ಬೇ! ನಮ್ಮಪ್ಪ ಇದನ್ನ ನೋಡಬೇಕಾಗಿತ್ತು," ಎಂದಿದ್ದ.

ಯಂತ್ರವೇನೋ ಬಂತು, ಅದನ್ನು ಊರೂರಿಗೆ ಒಯ್ಯಲು ಚೀಲ ಬೇಕಲ್ಲ. ಅದನ್ನೂ ಇನ್ನಿತರ ಸಾಮಾನುಗಳನ್ನೂ ಕೊಳ್ಳಲು ದಶರಥ ಅವನನ್ನು ಕರೆದುಕೊಂಡು ಬೆಳಗಾವಿಗೆ ಹೋದ. ಕಂಪ್ಯೂಟರ್ ಅಂಗಡಿಯಲ್ಲಿ ಗೋಡೆಯ ತುಂಬ ಚೀಲಗಳು ತೂಗಾಡುತ್ತಿದ್ದವು. ಶಿವಯೋಗೆಪ್ಪ ಒಂದೊಂದನ್ನೇ ಮುಟ್ಟಿ ನೋಡಿ ಬೂದು ಬಣ್ಣದ ಒಂದನ್ನು ಆರಿಸಿದ. ಒಳಗೆ ದಪ್ಪ ಸ್ಪಂಜು, ಎರಡೂ ಹೆಗಲಿಗೆ ಅಗಲವಾದ ಪಟ್ಟಿ. ಬೆನ್ನಿಗೆ ಹಾಕಿಕೊಂಡು ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆದ.

"ಇದು ಛಲೋ ಐತಿ ನೋಡ್ರಿ. ಭಾರ ಗೊತ್ತಾಗೂದಿಲ್ಲ. ಸಾಲಿ ಹುಡುಗ್ರ ಪಾಟಿಚೀಲದಾಂಗ ಕಾಣತೈತಿ, ಒಳಗೇನೈತಿ ಅಂತ ಕಳ್ಳಗೂ ತಿಳಿಯೂದಿಲ್ಲ."

"ಪಾಟಿಚೀಲ ಹೊತ್ಕೊಂಡ ಹ್ವಾದ್ರ ಅಂಗಡಿಯವ್ರು ನಗ್ತಾರ ಕಾಕಾ," ಎಂದ ದಶರಥ. ಅವನ ಕಣ್ಣು ಆಗಲೇ ಇನ್ನೊಂದರ ಮೇಲಿತ್ತು. ಕರ್ರಗೆ ಮಿರಿಮಿರಿ ಮಿಂಚುವ ಚರ್ಮದ ಚೀಲ, ಮುಂದೆ ಬಂಗಾರದ ಬಣ್ಣದ ಇಂಗ್ಲಿಷ್ ಅಕ್ಷರ. ಹೆಗಲಿಗೆ ಹಾಕುವ ಪಟ್ಟಿ ಬೆರಳಿನಷ್ಟೇ ಅಗಲ.

"ಇದರ ಪಟ್ಟಿ ಹೆಗಲಾ ಕೊರಿತೈತ್ರಿ. ದಿನಾ ಹೊರಾಂವ ನಾನು."

"ರೂಢಿ ಆಕ್ಕೈತಿ ತೊಗೋರಿ."

ಆಮೇಲೆ ಶಿವಯೋಗೆಪ್ಪನನ್ನು ಏನೂ ಕೇಳಲಿಲ್ಲ. ಹೆಚ್ಚಿನದೊಂದು ಬ್ಯಾಟರಿ ಬಂತು, ಮೌಸ್ ಬಂತು, ಕರೆಂಟು ಏರಿಳಿದರೆ ಯಂತ್ರ ಸುಡದಿರಲಿ ಎಂದು ಇಟ್ಟಿಗೆಯಷ್ಟು ಭಾರದ ಪ್ಲಗ್ಗಿನ ಪೆಟ್ಟಿಗೆ ಬಂತು, ಪರದೆ ಒರೆಸಲು ಮಕ್ಕಳ ಮೈ ಒರೆಸುವಂಥ ಮೆತ್ತನೆಯ ಬಟ್ಟೆ ಬಂತು. ಬಿಸಿಲು ತಾಗಬಾರದು, ಧೂಳು ತಾಗಬಾರದು, ಕುಲುಕಬಾರದು ಎಂದು ದಶರಥ ಹೇಳುತ್ತ ಹೋದ. ಶಿವಯೋಗೆಪ್ಪ ಹೂಂಗುಟ್ಟುತ್ತ ಹೋದ. ಕೊನೆಗೆ ಅಂಗಡಿಯವನು ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನ ತಂತಿಯೊಂದನ್ನು ತೆಗೆದ. ಕಿರುಬೆರಳಿನ ಗಾತ್ರ, ಒಂದು ತುದಿಗೆ ಕುಣಿಕೆ, ಇನ್ನೊಂದು ತುದಿಗೆ ಕೀಲಿ. ಮೇಜಿನ ಕಾಲಿಗೆ ಸುತ್ತಿ, ಕೀಲಿಯ ತುದಿಯನ್ನು ಯಂತ್ರದ ಪಕ್ಕದ ಸಣ್ಣ ರಂಧ್ರಕ್ಕೆ ಸಿಕ್ಕಿಸಿದರೆ ಯಾರೂ ಒಯ್ಯಲಾರರು ಎಂದು ತೋರಿಸಿದ.

"ಬಸ್ಸಿನ್ಯಾಗ ಮೇಜು ಎಲ್ಲಿಂದ ತರೂದು?" ಎಂದು ದಶರಥ ಶಿವಯೋಗೆಪ್ಪನ ಕಡೆ ನೋಡಿ ನಕ್ಕ. ಶಿವಯೋಗೆಪ್ಪನೂ ನಕ್ಕ. ದಶರಥನ ನಗೆಯ ಅರ್ಥ ಅವನಿಗೆ ಆಗ ತಿಳಿಯಲಿಲ್ಲ.

ತಿಳಿದದ್ದು ಸೋಮವಾರ ಬೆಳಿಗ್ಗೆ. ಮುಧೋಳಕ್ಕೆ ಹೊರಡಬೇಕೆಂದು ಬನಹಟ್ಟಿಯ ಅಂಗಡಿಗೆ ಬಂದು ಚೀಲ ಹೆಗಲಿಗೇರಿಸಿಕೊಂಡ. ಮಲಕಾಜಪ್ಪ ಗಾದಿಯ ಮೇಲೆ ಕೂತಿದ್ದ. ದಶರಥ ತಂತಿ ಹಿಡಿದುಕೊಂಡು ಬಂದ.

"ಕಾಕಾ, ಒಂದೀಟ ಕೈ ಮ್ಯಾಲ ಮಾಡ್ರಿ."

ಶಿವಯೋಗೆಪ್ಪ ಕೈ ಎತ್ತಿದ. ದಶರಥ ತಂತಿಯನ್ನು ಅವನ ಸೊಂಟಕ್ಕೆ ಸುತ್ತಿದ, ಕುಣಿಕೆಯೊಳಗಿಂದ ಎರಡು ಸುತ್ತು ಎಳೆದು ಸಡಿಲದಂತೆ ಬಿಗಿ ಮಾಡಿದ, ತುದಿಯನ್ನು ಚೀಲದೊಳಕ್ಕೆ ತೂರಿಸಿ ಯಂತ್ರಕ್ಕೆ ಕೀಲಿ ಜಡಿದ. ಕೀಲಿಕೈ ತನ್ನ ಜೇಬಿಗೆ ಹಾಕಿಕೊಂಡ. ಸೊಂಟಕ್ಕೂ ಚೀಲಕ್ಕೂ ನಡುವೆ ಉಳಿದದ್ದು ಒಂದೂವರೆ ಮೊಳದ ತಂತಿ.

"ಕೀಲಿಕೈ ನನ್ನ ಹಂತ್ಯಾಕ ಇರಬೇಕಿತ್ತಲ್ರಿ?"

"ನಿಮ್ಮ ಹಂತ್ಯಾಕ ಇದ್ರ ಕಸಗೊಳ್ಳಾಂವ ಕೀಲಿಕೈನೂ ಕಸಗೋತಾನ. ಸಂಜೀಕ ಬರ್ರಿ, ನಾ ಬಿಚ್ಚತೇನಿ. ಅಂಗಡ್ಯಾಗ ಮಗ್ಗಲಕ ಇಟ್ಕೊಂಡ ತೋರಿಸಾಕ ಬರತೈತಿ, ಏನೂ ತ್ರಾಸಿಲ್ಲ."

ಶಿವಯೋಗೆಪ್ಪ ಮಲಕಾಜಪ್ಪನ ಕಡೆ ನೋಡಿದ. ಮಲಕಾಜಪ್ಪ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡ. "ಈಗಿನ ಹುಡುಗ್ರ ಪದ್ಧತಿ ಶಿವಯೋಗಿ. ಮನಸಿಗಿ ಹಚ್ಕೋಬ್ಯಾಡ," ಎಂದ. ಮತ್ತೆ ಕನ್ನಡಕ ಹಾಕಿಕೊಂಡು ಬೇರೆ ಕಡೆ ನೋಡಿದ.

ಬೇಡ ಅನ್ನಬೇಕೆಂದು ಶಿವಯೋಗೆಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬೇಡ ಅಂದರೆ ಕದಿಯುವ ಮನಸ್ಸಿದೆ ಎಂದುಕೊಂಡಾರು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಪಟ್ಟಿಯನ್ನು ಹೆಗಲ ಮೇಲೆ ಸರಿಸಿಕೊಂಡು ಹೊರಬಿದ್ದ.

ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು. ಚೀಲವನ್ನು ಮೇಲಿನ ಹಲಗೆಗೆ ಇಡುವಂತಿಲ್ಲ, ಕಾಲಬಳಿ ಇಡುವಂತಿಲ್ಲ. ತೊಡೆಯ ಮೇಲೆ ಇಟ್ಟುಕೊಂಡ. ಬಂಗಾರದ ಅಕ್ಷರವನ್ನು ಎಲ್ಲರೂ ನೋಡುವವರೇ. ಪಕ್ಕದಲ್ಲಿದ್ದವನು ತಂತಿಯ ಜಾಡು ಹಿಡಿದು ಸೊಂಟದವರೆಗೆ ಕಣ್ಣಾಡಿಸಿ, "ಏನ್ರಿ ಯಜಮಾನ್ರ, ನಮ್ಮ ಮುಧೋಳ ನಾಯಿಗೂ ಇಷ್ಟ ಗಟ್ಟಿ ಸರಪಳಿ ಹಾಕೂದಿಲ್ರಿ," ಎಂದ. ಹಿಂದಿನ ಸೀಟಿನವರು ಗೊಳ್ಳೆಂದರು. ಶಿವಯೋಗೆಪ್ಪ ಕಿಟಕಿಯಾಚೆ ಕಬ್ಬು ನೋಡುತ್ತ ಕೂತ. ಬಸ್ಸು ತಗ್ಗಿಗೆ ಬಿದ್ದಾಗೊಮ್ಮೆ ತಂತಿ ಹೊಟ್ಟೆಗೆ ಒತ್ತುತ್ತಿತ್ತು. ದಾರಿಯಲ್ಲಿ ಒಬ್ಬ ಮುದುಕಿ ಬುಟ್ಟಿ ಹೊತ್ತು ಹತ್ತುವಾಗ ಕಾಲು ಜಾರಿದಳು. ಇವನು ಹಿಡಿಯಲೆಂದು ಥಟ್ಟನೆ ಎದ್ದ, ಚೀಲ ಮುಂದಿನ ಸೀಟಿನ ಕಂಬಿಗೆ ಸಿಕ್ಕಿಕೊಂಡು ಹಿಂದಕ್ಕೆ ಜಗ್ಗಿತು, ಕುಕ್ಕರಿಸಿದ. ಮುದುಕಿಯನ್ನು ಬೇರೆ ಯಾರೋ ಹಿಡಿದರು. ಅಷ್ಟರಲ್ಲಿ ಹೊಟ್ಟೆಯಲ್ಲಿ ಏನೋ ತಿರುವಿದಂತಾಗತೊಡಗಿತು.

ಮುಧೋಳದಲ್ಲಿ ಇಳಿಯುವ ಹೊತ್ತಿಗೆ ತಡೆಯುವಂತಿರಲಿಲ್ಲ. ಪೇಟೆಯ ಹಿಂದೆ ಸಾರ್ವಜನಿಕ ಸಂಡಾಸವೊಂದಿತ್ತು. ಇಷ್ಟು ವರ್ಷ ಆ ಕಡೆಗೆ ಮೂಗು ಕೂಡ ಹಾಯಿಸದವನು ಅವತ್ತು ಓಡಿದ. ಒಳಗೆ ನೆಲದ ತುಂಬ ನೀರು, ನೀರಿನಲ್ಲಿ ಏನೇನೋ ತೇಲುತ್ತಿತ್ತು. ಗೋಡೆಗೆ ಒಂದು ಮೊಳೆಯೂ ಇರಲಿಲ್ಲ. ಯಂತ್ರವನ್ನು ಹೊರಗೆ ಯಾರ ಕೈಯಲ್ಲೂ ಕೊಡುವಂತಿಲ್ಲ, ಬಾಗಿಲ ಮೇಲೆ ತೂಗುಹಾಕುವಷ್ಟು ತಂತಿಯೂ ಇಲ್ಲ. ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡ. ಚೀಲವನ್ನು ಒಂದು ಕೈಯಿಂದ ಎದೆಗೆ ಅವುಚಿಕೊಂಡು ಕೂತ. ಇಟ್ಟಿಗೆಯಂಥ ಪ್ಲಗ್ಗಿನ ಪೆಟ್ಟಿಗೆ ಗದ್ದಕ್ಕೆ ಒತ್ತುತ್ತಿತ್ತು. ಹೊಸ ಚರ್ಮದ ವಾಸನೆ, ಸಂಡಾಸದ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಹೊಡೆದವು. ಇನ್ನೊಂದು ಕೈಯಿಂದ ನೀರು ತೆಗೆದುಕೊಳ್ಳಲು ಹೋದಾಗ ಸಮತೋಲ ತಪ್ಪಿತು. ಚೀಲ ಕೆಳಗೆ ಬೀಳಬಾರದೆಂದು ಅದನ್ನು ಮೇಲಕ್ಕೆತ್ತಿ ಹಿಡಿದ, ತಾನು ಮೊಣಕಾಲೂರಿದ. ಧೋತರದ ಅಂಚು ಆ ನೀರಿನಲ್ಲಿ ತೊಯ್ದುಹೋಯಿತು.

ಅಲ್ಲೇ ವಾಂತಿಯಾಯಿತು. ವಾಂತಿ ಮಾಡಿಕೊಳ್ಳುವಾಗಲೂ ಚೀಲವನ್ನು ಪಕ್ಕಕ್ಕೆ ಸರಿಸಿ ಹಿಡಿದಿದ್ದ. ತನ್ನ ಕೈ ತನ್ನನ್ನು ಕೇಳದೆಯೇ ಹಾಗೆ ಮಾಡಿದ್ದನ್ನು ಆಮೇಲೆ ನೆನೆದಾಗ ಅವನಿಗೆ ಎಲ್ಲಕ್ಕಿಂತ ಹೆಚ್ಚು ಅಸಹ್ಯವಾಗಿತ್ತು.

ನೇರ ಅನ್ನವ್ವನ ಅಂಗಡಿಗೆ ಹೋದ. ಗಂಡ ತೀರಿದ ಮೇಲೆ ಸೀರೆ ಅಂಗಡಿಯನ್ನು ತಾನೇ ನಡೆಸುತ್ತಿದ್ದ ಹೆಂಗಸು, ಇವನನ್ನು ಬಹಳ ವರ್ಷಗಳಿಂದ ಬಲ್ಲವಳು. ಅವನ ಒದ್ದೆ ಧೋತರ ನೋಡಿ ಎದ್ದು ನಿಂತಳು. ಆಮೇಲೆ ತಂತಿ ಕಂಡಳು.

"ಅಣ್ಣಾರ, ಇದೇನ್ರಿ ಇದು?"

"ಕೀಲಿ."

"ಯಾರು ಹಾಕಿದ್ರು?"

"ಸಾವ್ಕಾರ್ರ ಅಳಿಯಾ."

"ಸಾವ್ಕಾರ್ರು ಇರಲಿಲ್ಲೇನು?"

"ಇದ್ರು."

ಅನ್ನವ್ವ ಹಿತ್ತಲಲ್ಲಿ ಎರಡು ಕೊಡ ನೀರು ತುಂಬಿಸಿದಳು, ತೀರಿಹೋದ ಗಂಡನದೊಂದು ಧೋತರ ತೆಗೆದುಕೊಟ್ಟಳು. ಎದುರಿನ ಸೈಕಲ್ ರಿಪೇರಿಯ ಭೀಮಪ್ಪನನ್ನು ಕೂಗಿದಳು. ಭೀಮಪ್ಪ ತಂತಿಯನ್ನು ತಿರುಗಿಸಿ ಮುರುಗಿಸಿ ನೋಡಿ ಅನುಮಾನಿಸಿದ.

"ಕತ್ತರಿಸಿದ್ರ ಕೆಟ್ಟ ಹೋಕ್ಕೈತ್ರಿ. ಆಮ್ಯಾಲ ಅವರು ಬಂದು ನನ್ನ ಕೇಳಿದ್ರ?"

"ತಂತಿ ಅವರದು," ಎಂದ ಶಿವಯೋಗೆಪ್ಪ. "ಸೊಂಟಾ ನಂದು. ಕತ್ತರಸ್ಪಾ."

ಭೀಮಪ್ಪ ಗರಗಸ ತಂದ. ತಂತಿ ಹಟ ಹಿಡಿಯಿತು, ಒಂದೊಂದೇ ಎಳೆ ಕಿರ್ರೆಂದು ಹರಿಯಿತು. ಕೊನೆಯ ಎಳೆ ಬಿಟ್ಟಾಗ ಶಿವಯೋಗೆಪ್ಪ ಅಂಗಿ ಎತ್ತಿ ನೋಡಿಕೊಂಡ. ಹೊಟ್ಟೆಯ ಸುತ್ತ ಕೆಂಪಗೆ ಬಾಸುಂಡೆ. ಹಿತ್ತಲಿಗೆ ಹೋಗಿ ಬಾಗಿಲು ಹಾಕಿಕೊಂಡು ಎರಡೂ ಕೊಡ ಬರಿದಾಗುವವರೆಗೆ ಮೈ ತಿಕ್ಕಿದ. ಹೊರಗೆ ಬಂದಾಗಲೂ ಅವನ ಮುಖ ಕಹಿ ನುಂಗಿದಂತೆಯೇ ಇತ್ತು.

"ಇಲ್ಲೇ ಬಿಟ್ಟ ಹೋಗ್ರಿ ಆ ಪೀಡಾ. ಬೇಕಾದವ್ರು ಬಂದು ಒಯ್ಯಲಿ," ಎಂದಳು ಅನ್ನವ್ವ.

"ಇಲ್ಲವಾ. ನನ್ನ ಕೈಯಾಗ ಕೊಟ್ಟಾರ, ನನ್ನ ಕೈಯಾಗಿಂದನ ಮುಟ್ಟಬೇಕು. ನಾಳಿ ಯಾರೂ ಒಂದ ಮಾತ ಆಡಬಾರದು."

ಅವತ್ತು ಯಾರಿಗೂ ಸೀರೆ ತೋರಿಸಲಿಲ್ಲ. ಮಧ್ಯಾಹ್ನದ ಬಸ್ಸಿಗೆ ತಿರುಗಿ ಬನಹಟ್ಟಿಗೆ ಬಂದ. ಗಾದಿಯ ಮುಂದೆ ಚೀಲ ಇಟ್ಟ, ಅದರ ಮೇಲೆ ಕತ್ತರಿಸಿದ ತಂತಿ ಇಟ್ಟ. ಮಲಕಾಜಪ್ಪನ ಮುಖ ಬಿಳುಚಿತು. ದಶರಥ ಮಾತ್ರ ತಂತಿಯನ್ನು ಬದಿಗೆ ಸರಿಸಿ, ಶಿವಯೋಗೆಪ್ಪನ ಮೈಮೇಲಿನ ಪರರ ಧೋತರವನ್ನಾಗಲಿ ಇಳಿದ ಮುಖವನ್ನಾಗಲಿ ನೋಡದೆ, ಲಗುಬಗೆಯಿಂದ ಯಂತ್ರ ಹೊರತೆಗೆದ. ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದ. ಮೆತ್ತನೆಯ ಬಟ್ಟೆಯಿಂದ ಪರದೆ ಒರೆಸಿದ.

"ಗೆರಿ ಏನರ ಬಿದ್ದಾವೇನು ಕಾಕಾ?"

ಶಿವಯೋಗೆಪ್ಪ ಅವನನ್ನು ದಿಟ್ಟಿಸಿ ನೋಡಿದ. ಸಂಡಾಸದ ನೀರಿನಿಂದ ಸರಿಯುವಂತೆ ಒಂದು ಹೆಜ್ಜೆ ಹಿಂದೆ ಸರಿದ. "ಬಿದ್ದಾವು," ಎಂದ. "ಅದರ ಮ್ಯಾಲಲ್ಲ."

"ಶಿವಯೋಗಿ, ಕೂಡಪಾ, ಕೂತ ಮಾತಾಡೂಣು," ಎಂದ ಮಲಕಾಜಪ್ಪ.

"ಮುಂಜಾನೆ ಮಾತಾಡಬೇಕಾಗಿತ್ರಿ, ಸಾವ್ಕಾರ್ರ," ಎಂದವನೇ ಚಪ್ಪಲಿ ಮೆಟ್ಟಿ ಹೊರಟ.

ಮನೆಗೆ ಬಂದ ಮೇಲೆ ಗುರುಬಸವ್ವ ಬಾಸುಂಡೆಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ಹಚ್ಚುತ್ತ ಹಚ್ಚುತ್ತ, "ಸಿಟ್ಟ ಇಳದ ಮ್ಯಾಲ ಹೋಗ್ರಿ. ಇಷ್ಟ ವರ್ಷದ ಅನ್ನ," ಎಂದಳು.

"ಸಿಟ್ಟಲ್ಲ ಬೇ. ಸಿಟ್ಟ ಬಂದಿದ್ರ ಬಡದಾಡಿ ಬರತಿದ್ನಿ. ಹೇಸಿಕಿ ಬಂದೈತಿ," ಎಂದ.

ಹಬ್ಬದ ಮುಂದೆ ಮಲಕಾಜಪ್ಪ ತಾನೇ ರಬಕವಿಗೆ ಬಂದ. ಗುರುಬಸವ್ವ ಚಹಾ ಕೊಟ್ಟಳು. ಶಿವಯೋಗೆಪ್ಪ ಮಳೆಯ ಮಾತು, ನೂಲಿನ ಮಾತು ಆಡಿದ, ಮರ್ಯಾದೆಗೆ ಕಡಿಮೆ ಮಾಡಲಿಲ್ಲ. ಎದ್ದು ಹೋಗುವಾಗ ಮಲಕಾಜಪ್ಪ ಬಾಗಿಲಲ್ಲಿ ನಿಂತು, "ಅವತ್ತ ನಾ ಬಾಯಿ ಬಿಡಬೇಕಾಗಿತ್ತು," ಎಂದ. "ಹೌದ್ರಿ," ಎಂದ ಶಿವಯೋಗೆಪ್ಪ. ಅಷ್ಟೇ. ಬೀಳ್ಕೊಟ್ಟು ಬಂದು ಕೈ ತೊಳೆದ.

ವ್ಯಾಪಾರವೇನೂ ಮುಳುಗಲಿಲ್ಲ. ದಶರಥ ಜೀಪು ಕೊಂಡ, ಯಂತ್ರವನ್ನು ತಾನೇ ಒಯ್ಯತೊಡಗಿದ. ಅಂಗಡಿಯವರು ಬಣ್ಣ ಬದಲಾಗುವುದನ್ನು ಬೆರಗಾಗಿ ನೋಡಿದರು, ಸೀರೆಗಳು ಮೊದಲಿಗಿಂತ ಹೆಚ್ಚೇ ಹೋದವು. ಅನ್ನವ್ವ ಮಾತ್ರ ಮಲಕಾಜಪ್ಪನ ಅಂಗಡಿಯ ಮಾಲು ತರಿಸುವುದನ್ನು ನಿಲ್ಲಿಸಿದಳು. ಶಿವಯೋಗೆಪ್ಪ ರಬಕವಿಯ ನಾಲ್ಕಾರು ಸಣ್ಣ ನೇಕಾರರ ಸೀರೆಗಳನ್ನು ತಿರುಗಿ ತೋರಿಸತೊಡಗಿದ. ಗಳಿಕೆ ಕಡಿಮೆ, ತಿರುಗಾಟ ಹೆಚ್ಚು. ಬೀಳಗಿಯ ಬಿಸಿಲಿನಲ್ಲಿ ಒಮ್ಮೊಮ್ಮೆ ತಲೆ ಸುತ್ತಿ ಯಾರದೋ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. ಹಳೆಯ ಅಂಗಡಿಗೆ ಮಾತ್ರ ತಿರುಗಿ ಹೋಗಲಿಲ್ಲ.

ಮುಂದೊಂದು ಬೇಸಿಗೆಯಲ್ಲಿ ಜಮಖಂಡಿಯಲ್ಲಿ ಮದುವೆ. ಊಟದ ಪಂಕ್ತಿಯಲ್ಲಿ ಶಿವಯೋಗೆಪ್ಪ ಕೂತಿದ್ದ, ಎಲೆಗೆ ಹೋಳಿಗೆ ಬಿದ್ದಿತ್ತು. ದಶರಥ ಬಂದು ಪಕ್ಕದ ಎಲೆಯ ಮುಂದೆ ಕೂತ. "ಕಾಕಾ, ಆರಾಮ ಇದ್ದೀರಿಲ್ರಿ? ಭಾಳ ದಿವಸಾತು," ಎಂದು ಹಲ್ಲು ಬಿಟ್ಟು ನಕ್ಕ. ಏನೂ ಆಗಿಯೇ ಇಲ್ಲ ಎನ್ನುವ ನಗೆ. ಅವನು ನಿಜವಾಗಿಯೂ ಮರೆತಿದ್ದ.

ಶಿವಯೋಗೆಪ್ಪ ಹೋಳಿಗೆಯ ಮೇಲಿನ ತುಪ್ಪವನ್ನೊಮ್ಮೆ ನೋಡಿದ. ತುತ್ತು ಎತ್ತಲು ಕೈ ಏಳಲಿಲ್ಲ. ನೀರಿನ ಲೋಟದಿಂದ ಬೆರಳು ತೊಳೆದುಕೊಂಡು ಎದ್ದ. ಬೀಗರ ಕಡೆಯವರು, "ಯಾಕ್ರಿ, ಉಣ್ರಿ, ಏನಾತು?" ಎಂದು ಹಿಂದೆ ಬಂದರು. ಹೊಟ್ಟೆ ಸರಿಯಿಲ್ಲ ಎಂದು ಹೇಳಿ, ವಧೂವರರ ಮೇಲೆ ಅಕ್ಕಿಕಾಳು ಹಾಕಿ, ಉರಿಬಿಸಿಲಿನಲ್ಲಿ ಬಸ್ ನಿಲ್ದಾಣದ ಕಡೆ ಹಸಿದ ಹೊಟ್ಟೆಯಲ್ಲೇ ನಡೆದ.